ನೀಲಿಗರಿ ಮತ್ತು ಹಳದಿ ಚುಕ್ಕೆಯ ಕೀಲಿ

“ಇದನ್ನ ತೆಗೆದುಕೊಡಿ ಚಿಕ್ಕಮ್ಮಾ. ಈಗಲೇ. ಅವಳು ಬರೋದರೊಳಗೆ.”

ಕಟ್ಟೆಯ ಮೇಲೆ ಠಪ್ ಎಂದು ಬಿದ್ದದ್ದು ಬೀಗವಲ್ಲ, ಪೆಟ್ಟಿಗೆಯೂ ಅಲ್ಲ. ಬೆನ್ನಿಗೆ ಮೊಲದ ಕಿವಿ ಅಂಟಿಸಿಕೊಂಡ ಒಂದು ಮೊಬೈಲು.

ಬೀಗದಜ್ಜಿ ಅರ ಉಜ್ಜುವುದನ್ನು ನಿಲ್ಲಿಸಲಿಲ್ಲ. ಅದೇ ಬೀದಿಯಲ್ಲಿ ನಲವತ್ತೊಂದು ವರ್ಷದಿಂದ ಬೀಗ ರಿಪೇರಿ ಮಾಡಿಕೊಂಡು ಬಂದವಳು. ಕೀಲಿ ಒಳಗಿಟ್ಟು ಬಾಗಿಲು ಎಳೆದುಕೊಂಡವರು, ಕೀಲಿ ನಾಯಿಗೆ ನುಂಗಿಸಿದವರು, ಮದುವೆಯ ಉಂಗುರವನ್ನೂ ಬೀಗವೆಂದೇ ತಿಳಿದು ಬಿಚ್ಚಿಸಲು ಬಂದವರು, ಎಲ್ಲರನ್ನೂ ಕಂಡಿದ್ದಳು. ಅಕ್ಕನ ಮಗಳು ಹೀಗೆ ಕೂದಲು ಕೆದರಿಕೊಂಡು ಓಡಿಬಂದದ್ದನ್ನು ಮಾತ್ರ ಕಂಡಿರಲಿಲ್ಲ.

“ಯಾರದು ಇದು?”

“ನಿಮ್ಮ ಮೊಮ್ಮಗಳದು. ಇನ್ಯಾರದು?”

“ಅವಳು ತೆಗೀರಿ ಅಂದಳಾ?”

“ಅಂದಿದ್ದರೆ ನಾನು ಯಾಕೆ ಇಲ್ಲಿಗೆ ಬರ್ತಿದ್ದೆ? ರಾತ್ರಿ ಅವಳು ಮಲಗಿದ್ದಾಗ ಹೆಬ್ಬೆರಳು ಒತ್ತಿಸಿದೆ, ತೋರುಬೆರಳು ಒತ್ತಿಸಿದೆ, ಕಿರುಬೆರಳೂ ಆಯ್ತು. ಜಪ್ಪಯ್ಯ ಅಂದರೂ ತೆರೀಲಿಲ್ಲ.”

“ಕಾಲಿಂದು ನೋಡಿದೆಯಾ?”

“ಇಲ್ಲ.” ತಾಯಿ ಒಂದು ಕ್ಷಣ ನಿಜವಾಗಿಯೂ ಯೋಚಿಸಿದಳು. “ಚಿಕ್ಕಮ್ಮಾ! ತಮಾಷೆ ಮಾಡ್ತಿದೀರಾ? ನಾಳೆ ಶನಿವಾರ!”

ಅಜ್ಜಿಯ ಅರ ನಿಂತಿತು. ಮಗಳ ಭುಜದ ಮೇಲಿನಿಂದ ನಿನ್ನೆ ಇಣುಕಿದಾಗ ತಾಯಿಗೆ ಕಂಡದ್ದು ಒಂದೇ ಸಾಲು: ‘ಶನಿವಾರ ನಾಲ್ಕಕ್ಕೆ ಒಬ್ಬಳೇ ಬಾ.’ ಆ ಒಂದು ಸಾಲು ಮನೆಯ ನೆಮ್ಮದಿಯನ್ನೆಲ್ಲ ನುಂಗಿ ಕೂತಿತ್ತು.

ಆದರೂ ಅಜ್ಜಿ ಬೆರಳು ತೋರಿಸಿದ್ದು ಗೋಡೆಯ ಹಲಗೆಯತ್ತ. ಅವಳದೇ ಕೈಬರಹದಲ್ಲಿ ಅಲ್ಲಿ ಬರೆದಿತ್ತು: ಯಜಮಾನರು ಎದುರಿಗಿಲ್ಲದ ಬೀಗವನ್ನು ಇಲ್ಲಿ ತೆಗೆಯುವುದಿಲ್ಲ. ಹಿಂದೊಮ್ಮೆ ಸ್ವಂತ ತಮ್ಮನನ್ನೇ ಅವನ ಮನೆಯ ಹೊಸಿಲಲ್ಲಿ ಎರಡು ಗಂಟೆ ಕೂರಿಸಿದ್ದಳು, ಮನೆ ಹೆಂಡತಿಯ ಹೆಸರಲ್ಲಿತ್ತು ಎಂಬ ಒಂದೇ ಕಾರಣಕ್ಕೆ.

“ಹದಿನೈದು ವರ್ಷದ ಹುಡುಗಿ ಅದು, ಯಜಮಾನಿ ಅಂತೆ ಯಜಮಾನಿ!” ತಾಯಿ ಸಿಡುಕಿದಳು.

“ಬೀಗ ಒಡೆದು ಒಳಗೆ ಹೋದರೆ ಮನೆ ಸಿಗುತ್ತೆ ಮಗಾ, ಮನೆಯವರು ಸಿಗೋಲ್ಲ. ಅವಳನ್ನ ಕರೆಸು.”

ಕರೆಸುವ ಅಗತ್ಯವೇ ಬೀಳಲಿಲ್ಲ. ಅಂಗಡಿ ಬಾಗಿಲಿನ ಮಂಜುಗಾಜಿನ ಮೇಲೆ ನೆರಳೊಂದು ಹಾರಿಕೊಂಡು ಬಂದಿತು. ಆ ಗಾಜಿನಲ್ಲಿ ಮುಖ ಕಾಣದು, ಆಕಾರವಷ್ಟೇ. ಕೈಕಾಲು ಎಂಟೆಂಟು ಇರುವಂತೆ ಕಂಡ ಆ ಆಕಾರ ಬಾಗಿಲು ತಳ್ಳಿಕೊಂಡು ಒಳಗೆ ಬಂದಾಗ ಮೊಮ್ಮಗಳಾಯಿತು. ಕಾಲಿಗೆ ಒಂದು ಅವಳ ಚಪ್ಪಲಿ, ಇನ್ನೊಂದು ಅಮ್ಮನದು.

“ಅಮ್ಮಾ, ನನ್ನ ಮೊಬೈಲ್ ಕದ್ಕೊಂಡು ಬಂದಿದೀಯಾ?”

“ಕದಿಯೋದು ಏನು ಬಂತು ಪಾಪು, ನಾನೇ ಕೊಡಿಸಿದ್ದು.”

“ಪಾಪು ಅನ್ನಬೇಡ!”

ತಾಯಿಗಿಂತ ನಾಲ್ಕು ಬೆರಳು ಎತ್ತರ ಬೆಳೆದಿದ್ದರೂ ಮನೆಯಲ್ಲಿ ಅವಳಿಗಿದ್ದ ಹೆಸರು ಅದೊಂದೇ. ಅದು ಅವಳ ಬದುಕಿನ ದೊಡ್ಡ ದುಃಖಗಳಲ್ಲಿ ಎರಡನೆಯದು. ಮೊದಲನೆಯದು ಈಗ ಕಟ್ಟೆಯ ಮೇಲೆ ಬಿದ್ದಿತ್ತು.

ಬೀಗದಜ್ಜಿ ಮೊಬೈಲನ್ನು ಎತ್ತಿ, ಮೊಲದ ಕಿವಿ ನೇರ ಮಾಡಿ, ಮೊಮ್ಮಗಳ ಕೈಗೇ ಕೊಟ್ಟಳು. ತಾಯಿಯ ಬಾಯಿ ತೆರೆದದ್ದು ತೆರೆದ ಹಾಗೇ ಉಳಿಯಿತು.

“ನಿನ್ನದು, ನಿನ್ನ ಹತ್ರ ಇರಲಿ. ನಾನು ಒಂದೇ ಮಾತು ಕೇಳ್ತೀನಿ. ಮನಸ್ಸಿದ್ದರೆ ಹೇಳು. ನಾಳೆ ನಾಲ್ಕು ಗಂಟೆಗೆ ಹೋಗೋಕೆ ನಿನಗೆ ಇಷ್ಟ ಇದೆಯಾ?”

ಹುಡುಗಿ ಏನೋ ಒರಟಾಗಿ ಹೇಳಲು ಹೊರಟಳು. ಅರ್ಧಕ್ಕೇ ಬಿಟ್ಟು ಸ್ಟೂಲಿನ ಮೇಲೆ ಕುಸಿದು ಕೂತಳು.

“ಇಲ್ಲ ಅಜ್ಜಿ.”

ಅಷ್ಟು ಹೇಳಿದವಳು ತಾನಾಗಿಯೇ ಹೆಬ್ಬೆರಳು ಒತ್ತಿದಳು. ಬೀಗ ತೆರೆಯಿತು. ತಾಯಿ ಕಣ್ಣಲ್ಲಿ ಗುರುತು ಹಾಕಿಕೊಂಡಳು: ಎಡಗೈ ಹೆಬ್ಬೆರಳು!

*

ಹಾಗೆ ಕರೆದವಳ ಹೆಸರು ನೀಲಿಗರಿ. ಅಂದರೆ ಹಾಗೆಂದು ಬರೆದುಕೊಂಡಿದ್ದಳು. ಎರಡು ತಿಂಗಳ ಹಿಂದೆ ತಾನಾಗಿಯೇ ಗೆಳೆತನ ಕೇಳಿಕೊಂಡು ಬಂದವಳು.

“ಮೊದಮೊದಲು ಸ್ವಲ್ಪ ವಿಚಿತ್ರ ಅನ್ನಿಸ್ತು,” ಎಂದಳು ಪಾಪು. “ಆದರೆ ಪಾಪ, ಒಳ್ಳೆಯವಳು. ನನ್ನ ಮಾತೆಲ್ಲ ಕೇಳೋಳು.”

ಅಜ್ಜಿ ಕನ್ನಡಕ ಏರಿಸಿ ಓದಿದಳು.

‘ಗೆಳತಿ, ನಾನೂ ನಿನ್ನಂತೆಯೇ ಹದಿನೈದು ವರ್ಷದ ಬಾಲಕಿ.’

‘ಗೆಳತಿ, ಮೊಬೈಲನ್ನು ಕಣ್ಣಿನಿಂದ ಒಂದು ಮೊಳ ದೂರದಲ್ಲಿ ಹಿಡಿ.’

‘ಗೆಳತಿ, ಇಪ್ಪತ್ತು ನಿಮಿಷಕ್ಕೊಮ್ಮೆ ಕಿಟಕಿಯಾಚೆ ದೂರದ ವಸ್ತುವನ್ನು ನೋಡು. ಗಣಿತದ ಅಭ್ಯಾಸ ಆಯಿತೇ? ನೀರು ಕುಡಿದೆಯಾ?’

ಅಜ್ಜಿಯ ಹೊಟ್ಟೆಯೊಳಗಿನಿಂದ ನಗು ಉಕ್ಕಿ ಬಂತು. ಅದನ್ನು ಕೆಮ್ಮಾಗಿ ಬದಲಾಯಿಸಿ ಹೊರಗೆ ಬಿಟ್ಟಳು. ತಾಯಿ ಇನ್ನೂ ಅರ್ಥವಾಗದೆ ಹುಬ್ಬು ಗಂಟಿಕ್ಕಿಕೊಂಡು ನಿಂತಿದ್ದಳು.

“ಮುಂದೆ?”

“ಬುಧವಾರದಿಂದ ಅವಳು ಬದಲಾಗಿಬಿಟ್ಟಳು ಅಜ್ಜಿ.”

ಬುಧವಾರದಿಂದ ‘ಗೆಳತಿ’ ಇರಲಿಲ್ಲ, ನೀರೂ ಇರಲಿಲ್ಲ. ಚುಟುಕು ಸಾಲುಗಳು. ಮನೆಯಲ್ಲಿ ಒಬ್ಬಳೇ ಇರೋದು ಎಷ್ಟು ಹೊತ್ತಿಗೆ? ಒಂದು ಫೋಟೋ ಕಳಿಸು. ಯಾರಿಗೂ ಹೇಳಬೇಡ. ನಿನ್ನೆಯದು ಎಲ್ಲಕ್ಕಿಂತ ಉದ್ದ: ‘ಶನಿವಾರ ನಾಲ್ಕಕ್ಕೆ ಒಬ್ಬಳೇ ಬಾ. ಹಳೇ ಈಜುಕೊಳದ ಹಿಂದಿನ ಗೇಟು. ಬರದಿದ್ದರೆ ನೀನು ಬರೆದದ್ದೆಲ್ಲ ನಿನ್ನ ಕ್ಲಾಸಿನ ಎಲ್ಲರಿಗೂ ಹೋಗುತ್ತೆ.’

ಅಜ್ಜಿಯ ನಗು ಎಲ್ಲಿ ಹೋಯಿತೋ ಏನೋ.

“ಫೋಟೋ ಕಳಿಸಿದೆಯಾ?”

“ಇಲ್ಲ. ನೀನೇ ಮೊದಲು ಕಳಿಸು ಅಂದೆ. ಇದನ್ನ ಕಳಿಸಿದಳು, ನನ್ನ ಮೇಜು ಅಂತ.” ಒಂದು ಮೇಜು, ಚಹಾ ಬಟ್ಟಲು, ಪಕ್ಕದಲ್ಲಿ ಒಂದು ಕೀಲಿ. “ಇದನ್ನೆಲ್ಲ ಅಳಿಸಿಹಾಕಿಬಿಡ್ಲಾ? ಅವಳನ್ನ ಬ್ಲಾಕ್ ಮಾಡಿಬಿಡ್ತೀನಿ.”

“ಬ್ಲಾಕ್ ಆಮೇಲೆ ಮಾಡುವಿಯಂತೆ. ಅಳಿಸೋದು ಮಾತ್ರ ಬೇಡವೇ ಬೇಡ. ಕಳ್ಳ ಕೈಯಿಟ್ಟ ಬೀಗವನ್ನ ನಾನು ಯಾವತ್ತೂ ಒರೆಸೋಲ್ಲ. ಉತ್ತರಾನೂ ಕೊಡಬೇಡ.” ತಾಯಿಯತ್ತ ತಿರುಗಿ, “ಪೊಲೀಸ್ ಠಾಣೆಗೆ ಫೋನ್ ಹಚ್ಚು,” ಎಂದಳು.

ತಾಯಿ ಹಚ್ಚಿದಳು. ಮಕ್ಕಳ ವಿಷಯ ನೋಡಿಕೊಳ್ಳುವ ಅಧಿಕಾರಿ ಒಂದು ಗಂಟೆಯೊಳಗೆ ಅಂಗಡಿಗೇ ಬರುತ್ತಾರಂತೆ, ಮೊಬೈಲಿನಲ್ಲಿರುವುದನ್ನು ಯಾರೂ ಅಳಿಸಬಾರದಂತೆ.

ಆ ಒಂದು ಗಂಟೆ ಬೀಗದಜ್ಜಿಗೆ ಸಾಕಿತ್ತು. ಫೋಟೋದಲ್ಲಿ ಅವಳ ಕಣ್ಣು ನೆಟ್ಟಿದ್ದು ಕೀಲಿಯ ತಲೆಯ ಮೇಲಿದ್ದ ಒಂದು ಹಳದಿ ಚುಕ್ಕೆಯಲ್ಲಿ.

ಕೀಲಿ ಮಾಡಿದ ಮೇಲೆ ಅದರ ತಲೆಗೆ ಉಗುರುಬಣ್ಣದ ಒಂದು ಬೊಟ್ಟು ಇಡುವುದು ಅವಳ ಪದ್ಧತಿ. ಮನೆಗೆ ಕೆಂಪು, ಅಂಗಡಿಗೆ ಹಸಿರು, ಶಾಲೆಗೆ ಹಳದಿ. ಬೊಟ್ಟಿನ ಕೆಳಗೆ ಅಚ್ಚೊತ್ತಿದ ಅಂಕೆ. ಹಳದಿ ಬೊಟ್ಟಿನವು ಇಡೀ ಊರಲ್ಲಿ ಮೂರೇ ಇದ್ದವು: ಮೊಮ್ಮಗಳ ಶಾಲೆಯಲ್ಲಿ ಪೋಷಕರ ಸಮಿತಿಯ ಬೀರುವಿನವು. ಒಂದನೆಯದು ಹೆಡ್ ಮೇಡಂ ಹತ್ತಿರ. ಮೂರನೆಯದು ಸಮಿತಿಯ ಅಧ್ಯಕ್ಷಮ್ಮನ ಹತ್ತಿರ.

ಎರಡನೆಯದು ಎದುರು ಸಾಲಿನ ಕನ್ನಡಕದ ಅಂಗಡಿಯಲ್ಲಿ, ಸಮಿತಿಯ ಕಾರ್ಯದರ್ಶಿಯ ಸೊಂಟದಲ್ಲಿ.

“ಮಗಾ,” ಎಂದಳು ಅಜ್ಜಿ, “ನಿನ್ನ ಗಂಡನ್ನ ಕರಿ.”

*

ಅಳಿಯ ಬಂದ. ಹಣೆಯ ಮೇಲೊಂದು ಕನ್ನಡಕ, ಮೂಗಿನ ಮೇಲೊಂದು, ಜೇಬಿನಲ್ಲಿ ಮೂರು. ಬರುವಾಗ ನಗುತ್ತಿದ್ದ. ಮೂರು ಜೊತೆ ಹೆಣ್ಣುಕಣ್ಣುಗಳು ಒಟ್ಟಿಗೆ ತನ್ನ ಮೇಲೆ ಬಿದ್ದದ್ದು ಕಂಡು ನಗು ಹಾಗೇ ಸೋರಿಹೋಯಿತು.

“ಕೂತ್ಕೊಳ್ಳಿ ಅಳಿಯಂದ್ರೇ. ಯಾಕೋ ಕಣ್ಣುರಿ ನನಗೆ. ಮೊಬೈಲನ್ನ ಎಷ್ಟು ದೂರ ಹಿಡೀಬೇಕು?”

“ಒಂದು ಮೊಳ ಚಿಕ್ಕಮ್ಮ. ಇಪ್ಪತ್ತು ನಿಮಿಷಕ್ಕೊಮ್ಮೆ ಕಿಟಕಿಯಾಚೆ ದೂರದ ವಸ್ತುವನ್ನು…”

ಮಾತು ಅಲ್ಲೇ ಸಿಕ್ಕಿಹಾಕಿಕೊಂಡಿತು. ಪಾಪು ನಿಧಾನವಾಗಿ ಎದ್ದು ನಿಂತಳು.

“ಅಪ್ಪಾ?”

“ನೀರು ಕುಡಿದೆಯಾ ಪುಟ್ಟಾ?” ಎಂದ, ದಿಕ್ಕುತೋಚದೆ.

“ನೀಲಿಗರಿ ನೀನಾ?”

ಕಣ್ಣಿಗೆ ಹಾಕಿದ್ದ ಕನ್ನಡಕ ತೆಗೆದು ಒರೆಸಿದ, ಹಣೆಯದನ್ನೂ ಒರೆಸಿದ. ಜೇಬಿನವಕ್ಕೆ ಕೈ ಹಾಕುವಷ್ಟರಲ್ಲಿ ಹೆಂಡತಿ ಗುಡುಗಿದಳು.

“ನನ್ನ ಮಗಳ ಜೊತೆ ಎರಡು ತಿಂಗಳಿಂದ ಬಾಲಕಿ ಆಗಿದ್ದವರು ನೀವಾ? ಮನೇಲಿ ನಾಲ್ಕು ಮಾತಾಡೋಕೆ ಬಾಯಿ ಸತ್ತಿರುತ್ತೆ!”

“ಸಮಿತಿಯಲ್ಲಿ ತೀರ್ಮಾನ ಆಗಿದ್ದು ಕಣೇ! ನಾನೊಬ್ಬನೇ ಅಲ್ಲ, ಎಂಟು ಜನ ಪೋಷಕರು!”

ಆಮೇಲೆ ಬಂದದ್ದು ಅಣೆಕಟ್ಟೆ ಒಡೆದ ನೀರಿನ ಹಾಗೆ. ಮೂರು ತಿಂಗಳ ಹಿಂದೆ ‘ಮಕ್ಕಳು, ಮೊಬೈಲು, ಅಪಾಯ’ ಅಂತ ಭಾಷಣ ಮಾಡಲು ಸುರಕ್ಷತೆ ಸಾಹೇಬರು ಬಂದಿದ್ದರು. ಗೋಡೆಯ ಮೇಲೆ ಚಿತ್ರ ಬಿಟ್ಟು ಹೆದರಿಸಿ, ಪೋಷಕರೇ ಸುಳ್ಳು ಹೆಸರಿನಲ್ಲಿ ಮಕ್ಕಳ ಗೆಳೆತನ ಮಾಡಿ ಕಾವಲು ಕಾಯಬೇಕು ಎಂದಿದ್ದರು. ಕಂಪ್ಯೂಟರ್ ಮೇಷ್ಟ್ರು ಎಂಟೂ ಜನರನ್ನು ಸಾಲಾಗಿ ಕೂರಿಸಿಕೊಂಡು ಎಂಟು ಸುಳ್ಳು ಮಕ್ಕಳನ್ನು ಹುಟ್ಟಿಸಿಕೊಟ್ಟಿದ್ದರು.

“ಅಧ್ಯಕ್ಷಮ್ಮ ‘ಕಾಲ್ಚೆಂಡು ರಾಜ’. ನಿಮ್ಮ ಹಲ್ಲಿನ ಡಾಕ್ಟರು ‘ಗುಲಾಬಿ ಬೆಕ್ಕು’,” ಎಂದ ಅಳಿಯ.

“ಅಯ್ಯೋ, ಗುಲಾಬಿ ಬೆಕ್ಕೂ ಅಷ್ಟೇನಾ?” ಪಾಪು ತಲೆ ಮೇಲೆ ಕೈ ಹೊತ್ತಳು. “ಅದಕ್ಕೇ ದಿನಾ ಹಲ್ಲುಜ್ಜಿದೆಯಾ ಅಂತ ಕೇಳೋದು!”

ಬೀಗದಜ್ಜಿಗೂ ತಡೆಯಲಾಗಲಿಲ್ಲ, ನಕ್ಕಳು. ತಾಯಿಯೂ ಸಿಟ್ಟಿನ ನಡುವೆಯೇ ಕಿಸಕ್ಕೆಂದಳು. ನಗದೆ ಉಳಿದವಳು ಪಾಪು ಒಬ್ಬಳೇ. ನಗು ಅವಳ ಮುಖದವರೆಗೆ ಬಂದು ಹಿಂದೆ ಹೋಯಿತು.

“ಮನೇಲಿ ನನ್ನ ಮಾತು ಕೇಳೋರು ಯಾರೂ ಇಲ್ಲ, ನೀನೊಬ್ಬಳೇ ಅಂತ ಬರೆದಿದ್ದೆ ಅಪ್ಪಾ. ಅದನ್ನ ಓದಿದವನು ನೀನೇನಾ?”

ಅಂಗಡಿಯಲ್ಲಿ ತೂಗುಹಾಕಿದ್ದ ಕೀಲಿಗಳು ಗಾಳಿಗೆ ಸಣ್ಣಗೆ ಸದ್ದು ಮಾಡಿದವು.

“ಓದಿದೆ,” ಎಂದ ಅಪ್ಪ. “ಅವತ್ತು ನಿನ್ನ ಕೋಣೆ ಬಾಗಿಲವರೆಗೂ ಬಂದೆ. ಒಳಗೆ ಬಂದು ಏನು ಹೇಳೋದು? ನಿನಗೆ ಹೇಗೆ ಗೊತ್ತಾಯ್ತು ಅಂತ ನೀನು ಕೇಳ್ತಿದ್ದೆ. ವಾಪಸ್ ಹೋಗಿ ‘ಧೈರ್ಯವಾಗಿರು ಗೆಳತಿ’ ಅಂತ ಬರೆದೆ.”

“ಬಾಗಿಲು ತಟ್ಟಬೇಕಿತ್ತು.”

“ತಟ್ಟಬೇಕಿತ್ತು.”

ಬೀಗದಜ್ಜಿ ಅರವನ್ನು ಬದಿಗಿಟ್ಟಳು. ಆಮೇಲೆ ಕೆಲಸದ ಮಾತಿಗೆ ಬಂದಳು.

“ಬೆದರಿಸಿದ್ದು ಯಾಕೆ ಅಳಿಯಂದ್ರೇ?”

“ಬೆದರಿಸಿದ್ದಾ? ಯಾರು?”

ಅಜ್ಜಿ ನಿನ್ನೆಯ ಸಾಲು ತೋರಿಸಿದಳು. ಓದುತ್ತ ಓದುತ್ತ ಅವನ ಮುಖದ ಬಣ್ಣ ಇಳಿಯಿತು. ನಟನೆಯಾಗಿದ್ದರೆ ಇಷ್ಟು ಚೆನ್ನಾಗಿ ಅವನಿಗೆ ಬರುತ್ತಿರಲಿಲ್ಲ. ಶಾಲೆಯ ನಾಟಕದಲ್ಲಿ ಮರದ ಪಾತ್ರವನ್ನೂ ಕೆಡಿಸಿದ ಮನುಷ್ಯ ಅವನು.

“ಇದು ನಾನಲ್ಲ ಚಿಕ್ಕಮ್ಮ. ಬುಧವಾರದಿಂದ ನನಗೆ ಒಳಗೇ ಹೋಗೋಕೆ ಆಗ್ತಿಲ್ಲ. ಪಾಸ್‌ವರ್ಡ್ ತಪ್ಪು, ತಪ್ಪು ಅಂತಿತ್ತು. ಮರೆತಿದೀನಿ ಅಂದ್ಕೊಂಡು ನಾಚಿಕೆಯಾಗಿ ಸುಮ್ಮನಾದೆ.”

“ಪಾಸ್‌ವರ್ಡ್ ಇನ್ಯಾರಿಗೆ ಗೊತ್ತು?”

“ಯಾರಿಗೂ ಇಲ್ಲ! ತುಂಬಾ ಭದ್ರವಾಗಿದೆ.” ಅವನ ದನಿಗೆ ಸ್ವಲ್ಪ ಕಾರ್ಯದರ್ಶಿತನ ಮರಳಿತು. “ಮೇಷ್ಟ್ರು ಹೋದಮೇಲೆ ನಾವೇ ಬದಲಾಯಿಸಿ ಎಂಟೂ ಜನರಿಗೆ ಒಂದೇ ಇಟ್ಟಿದೀವಿ, ಮರೀಬಾರದು ಅಂತ. ಒಂದು ಹಾಳೇಲಿ ಬರೆದು ಬೀರುವಿನ ಬಾಗಿಲ ಒಳಗಡೆ ಅಂಟಿಸಿದೀವಿ. ಯಾವ ಹೆಸರು ಯಾರದು, ಯಾವ ಮಗುವಿಗೆ, ಎಲ್ಲಾ.”

ಬೀಗದಜ್ಜಿ ಕಣ್ಣು ಮುಚ್ಚಿದಳು. ಆ ಬೀರುವಿಗೆ ಅಂಥ ಬೀಗ ಈ ಊರಲ್ಲೇ ಇಲ್ಲ ಎಂದು ಸ್ವತಃ ತಾನೇ ಹೊಗಳಿ ಹಾಕಿಕೊಟ್ಟು ಬಂದಿದ್ದಳು.

“ಇಷ್ಟು ದೊಡ್ಡ ಬೀಗ ಹಾಕಿಸಿ, ಒಳಗೆ ಎಂಟು ಮನೆ ಬಾಗಿಲು ತೆಗೆಯೋ ಕೀಲಿ ಅಂಟಿಸಿದ್ರಾ!”

“ನೀನು ಕಾವಲಿಗೆ ಅಂತ ಗೊಂಬೆ ನಿಲ್ಲಿಸಿದೆ ಅಪ್ಪಾ,” ಎಂದಳು ಪಾಪು, “ಯಾರೋ ಆ ಗೊಂಬೆಯೊಳಗೇ ಬಂದು ಕೂತರು. ನಾನು ಅದನ್ನ ನಂಬೋ ಹಾಗೆ ಮಾಡಿಟ್ಟಿದ್ದು ನೀನು.”

ಅವನು ಸೊಂಟದ ಗೊಂಚಲು ಬಿಚ್ಚಿ ಕಟ್ಟೆಯ ಮೇಲಿಟ್ಟ. ಹಳದಿ ಬೊಟ್ಟು, ಅಂಕೆ ಎರಡು, ಇದ್ದಲ್ಲೇ ಇತ್ತು.

ಹಾಗಾದರೆ ಫೋಟೋದಲ್ಲಿದ್ದದ್ದು ಒಂದೋ, ಮೂರೋ?

ಅಜ್ಜಿ ಭೂತಗನ್ನಡಿ ಹಿಡಿದಳು. ಮಸುಕು. ಪಾಪು ಎರಡು ಬೆರಳಲ್ಲಿ ಚಿತ್ರ ಹಿಗ್ಗಿಸಿದಳು. ಅಂಕೆ ಚೌಕ ಚೌಕವಾಗಿ ಒಡೆದುಹೋಯಿತು.

“ಹತ್ತಿರ ಹೋದರೆ ಕಾಣೋಲ್ಲ,” ಎಂದ ಅಳಿಯ ಮೆಲ್ಲಗೆ. ಆ ಹೊತ್ತಿನಲ್ಲಿ ಅವನು ಆಡಿದ ಮೊದಲ ಬುದ್ಧಿವಂತ ಮಾತು ಅದು. “ಮೊಬೈಲನ್ನ ಗೋಡೆಗೆ ಒರಗಿಸಿ. ಎಲ್ಲರೂ ಆರು ಹೆಜ್ಜೆ ಹಿಂದೆ ಬನ್ನಿ. ಕಣ್ಣು ಅರ್ಧ ಮುಚ್ಚಿ.”

ನಾಲ್ವರೂ ಬೀಗಗಳ ಕಪಾಟಿಗೆ ಬೆನ್ನು ಹಚ್ಚಿ, ಕಣ್ಣು ಕಿರಿದು ಮಾಡಿಕೊಂಡು ಸಾಲಾಗಿ ನಿಂತರು. ಯಾರಾದರೂ ಗಿರಾಕಿ ಆಗ ಒಳಗೆ ಬಂದಿದ್ದರೆ, ಕುಟುಂಬಕ್ಕೇ ಏನೋ ಆಗಿದೆ ಎಂದು ತಿರುಗಿ ಹೋಗುತ್ತಿದ್ದರು.

ದೂರದಿಂದ ಚೌಕಗಳು ಒಂದಕ್ಕೊಂದು ಬೆಸೆದವು. ಎರಡು ಬಾಗು, ನಡುವೆ ಒಂದು ಕಚ್ಚು.

“ಮೂರು,” ಎಂದರು ನಾಲ್ವರೂ ಒಟ್ಟಿಗೆ.

*

ಅಧ್ಯಕ್ಷಮ್ಮನಿಗೆ ಎರಡು ಬೀದಿ ಆಚೆ ಬ್ರೆಡ್ಡಿನ ಅಂಗಡಿ. ಅಜ್ಜಿ ಫೋನ್ ಮಾಡಿದಾಗ ಆ ಕಡೆಯಿಂದ ಬಂದ ದನಿ ಇಡೀ ಕೋಣೆಗೆ ಕೇಳಿಸಿತು.

“ಹೇಳೀ! ಕೈಯೆಲ್ಲ ಹಿಟ್ಟು, ಸ್ಪೀಕರಿನಲ್ಲಿದೀರಿ!”

“ಆ ಬೀರುವಿನ ಕೀಲಿ, ಮೂರನೇ ನಂಬರಿಂದು, ನಿಮ್ಮ ಹತ್ರ ಇದೆಯಾ?”

“ಮೂರನೇ ನಂಬರ್ ತಾನೇ? ಇಲ್ಲೇ ಮೊಳೆಗೆ ನೇತಾಡ್ತಿದೆ. ಒಳ್ಳೇ ಟೈಮಿಗೆ ಫೋನ್ ಮಾಡಿದ್ರಿ, ವಾರದಿಂದ ಸಿಕ್ಕಿಕೊಳ್ಳುತ್ತೆ ಹಾಳಾದ್ದು. ಈಗಲೇ ತಂದೆ!”

ಮೊಣಕೈವರೆಗೂ ಹಿಟ್ಟು ಮೆತ್ತಿಕೊಂಡು, ಮಾತಾಡುತ್ತಲೇ ಬಂದರು ಅಧ್ಯಕ್ಷಮ್ಮ. ಹಿಂದೆ ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಬ್ರೆಡ್ಡು ಉಬ್ಬದ್ದು, ಒಲೆ ಕೆಟ್ಟದ್ದು, ಮಗ ‘ಕಾಲ್ಚೆಂಡು ರಾಜ’ನ ಹತ್ತಿರ ‘ನಮ್ಮಮ್ಮ ಬಾಯಿ ಮುಚ್ಚೋದೇ ಇಲ್ಲ’ ಎಂದು ದೂರಿದ್ದು, ಎಲ್ಲ ಒಂದೇ ಉಸಿರಿನಲ್ಲಿ ಬಂತು.

ಬೀಗದಜ್ಜಿ ಕೀಲಿಯನ್ನು ಬೆಳಕಿಗೆ ಹಿಡಿದಳು. ಹೆಬ್ಬೆರಳಿನಿಂದ ಹಲ್ಲುಗಳನ್ನು ಸವರಿದಳು. ಅಂಚಿನಲ್ಲಿ ಉಜ್ಜದೆ ಉಳಿದ ಒರಟು ಲೋಹದ ಚೂರು. ಅರದ ಕೊನೆಯ ಎಳೆತ ಬಿಟ್ಟುಬಿಟ್ಟಿದ್ದರು. ಬೊಟ್ಟು ಉಗುರುಬಣ್ಣವಲ್ಲ, ಬಾಗಿಲಿಗೆ ಬಳಿಯುವ ಬಣ್ಣ. ಅಂಕೆಯನ್ನು ಅಚ್ಚೊತ್ತಿರಲಿಲ್ಲ, ಮೊಳೆಯಿಂದ ಗೀಚಿದ್ದರು.

“ಇದು ನಾನು ಮಾಡಿದ್ದಲ್ಲ.”

“ಅಯ್ಯೋ, ನೀವೇ ಕೊಟ್ಟಿದ್ದಲ್ವಾ!”

“ನಾನು ಕೊಟ್ಟಿದ್ದನ್ನ ಯಾರೋ ಒಯ್ದು ನಕಲು ಮಾಡಿಸಿದ್ದಾರೆ. ಸರಾಗವಾಗಿ ತೆರೆಯೋ ಅಸಲನ್ನ ತಾವಿಟ್ಟುಕೊಂಡಿದ್ದಾರೆ. ನಕಲಿಗೆ ಬಣ್ಣ ಹಚ್ಚಿ ನಿಮ್ಮ ಮೊಳೆಗೆ ಹಾಕಿದ್ದಾರೆ. ಅಸಲು ಅವರ ಮೇಜಿನ ಮೇಲಿದೆ.” ಅಜ್ಜಿ ಫೋಟೋ ತೋರಿಸಿದಳು. “ನಮ್ಮ ಪಾಪುವನ್ನ ನಾಳೆ ಕರೀತಿರೋರು ಇವರೇ.”

ಆಗಲೇ ಮೊಬೈಲು ಮೊಲದ ಕಿವಿ ಸಮೇತ ಕಟ್ಟೆಯ ಮೇಲೆ ನಡುಗಿತು.

ಯಾರೂ ಮುಟ್ಟಲಿಲ್ಲ. ಅಳಿಯನ ಎರಡೂ ಕೈ ಕಟ್ಟೆಯ ಮೇಲಿದ್ದವು. ತಾಯಿಯ ಕೈ ಮಗಳ ಹೆಗಲ ಮೇಲಿತ್ತು. ಅಧ್ಯಕ್ಷಮ್ಮನದು ಹಿಟ್ಟಿನಲ್ಲಿತ್ತು. ಪಾಪು ಬಗ್ಗಿ, ತೆರೆಯ ಮೇಲೆ ಬಂದದ್ದನ್ನು ಓದಿದಳು. ಓದುವಾಗ ಅಪ್ಪನ ಅಂಗಿಯ ತೋಳನ್ನು ಹಿಡಿದುಕೊಂಡದ್ದು ಅವಳಿಗೇ ತಿಳಿಯಲಿಲ್ಲ.

‘ಮೂರನೇ ನಂಬರ್ ಬಂತಾ ಪಾಪು? ಅಜ್ಜಿ ಏನಂದಳು?’

ಈ ನಾಲ್ಕು ಗೋಡೆಯೊಳಗೆ ಸಿಕ್ಕ ಅಂಕೆ ಅದು. ಹೊರಗೆ ಹೋದದ್ದು ಒಂದೇ ಸಲ, ಒಂದೇ ಫೋನಿನಲ್ಲಿ.

ಬೀಗದಜ್ಜಿ ಅತ್ಯಂತ ಮೆಲುದನಿಯಲ್ಲಿ ಕೇಳಿದಳು: “ಅಧ್ಯಕ್ಷಮ್ಮಾ, ನಾನು ಫೋನ್ ಮಾಡಿದಾಗ ನಿಮ್ಮ ಪಕ್ಕ ಯಾರಿದ್ದರು?”

ಆ ಬೀದಿಯ ಜನ ಯಾವತ್ತೂ ಕಾಣದ್ದು ಆಗ ನಡೆಯಿತು. ಅಧ್ಯಕ್ಷಮ್ಮನ ಬಾಯಿ ತೆರೆಯಿತು, ಮಾತು ಹೊರಡಲಿಲ್ಲ. ಆಮೇಲೆ ಪಿಸುಗುಟ್ಟಿದರು.

“ಇಬ್ಬರಿದ್ದರು. ಸಮಿತಿಯ ಮುಂದಿನ ಭಾಷಣದ ಮಾತಾಡೋಕೆ ಬಂದಿದ್ದರು. ಸುರಕ್ಷತೆ ಸಾಹೇಬರು. ಕಂಪ್ಯೂಟರ್ ಮೇಷ್ಟ್ರು.” ಹಿಟ್ಟಿನ ಬೆರಳು ನಿಧಾನವಾಗಿ ಬಾಗಿಲ ಕಡೆಗೆ ತಿರುಗಿತು. “ಇಬ್ಬರೂ ನನ್ನನ್ನ ಕಾರಲ್ಲಿ ಇಲ್ಲಿಗೆ ಕರ್ಕೊಂಡು ಬಂದರು. ಹೊರಗೇ ನಿಂತಿದ್ದಾರೆ.”

ಐದೂ ಜನ ತಿರುಗಿದರು.

ಮಂಜುಗಾಜಿನ ಮೇಲೆ ಎರಡು ನೆರಳು. ಒಂದೇ ಎತ್ತರ, ಒಂದೇ ಅಗಲ. ಒಂದರ ತಲೆ ಬಗ್ಗಿತ್ತು, ಕೈ ಎದೆಯ ಹತ್ತಿರ ಮಡಚಿಕೊಂಡಿತ್ತು, ಹೆಬ್ಬೆರಳು ಆಡುತ್ತಿತ್ತು.

ಬೀಗದಜ್ಜಿ ಬಾಗಿಲಿನತ್ತ ಒಂದು ಹೆಜ್ಜೆ ಇಟ್ಟಳು. ಅವಳ ಚಪ್ಪಲಿ ನೆಲಕ್ಕೆ ಕಿರುಗುಟ್ಟಿತು.

ಗಾಜಿನಾಚೆ ತಲೆ ಮೇಲೆದ್ದಿತು. ಕೈ ಕೆಳಗಿಳಿಯಿತು. ಒಂದರ ಹಿಂದೆ ಒಂದು ನೆರಳು ಹಾದು, ಜಾಗ ಬದಲಾಯಿಸಿ, ಮತ್ತೆ ನಿಂತವು.

ಈಗ ಎರಡೂ ಒಂದೇ ತರಹ ಇದ್ದವು, ಮೊಬೈಲ್ ಹಿಡಿದಿದ್ದದ್ದು ಯಾವುದೆಂದು ಹೇಳಲಾಗದಂತೆ.